ಕೂದಲು ಹೇಳುವ ಮನಸ್ಸಿನ ಸಮಾಚಾರ

ಬಿಸಿಲು ಇನ್ನೂ ಗೋಡೆ ಹತ್ತಿಲ್ಲ. ವಸತಿ ಕಟ್ಟಡಗಳ ನಡುವಿನ ಸಮುದಾಯ ತೋಟದಲ್ಲಿ, ನೀರಿನ ತೊಟ್ಟಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತ ಅಜ್ಜಿಯ ಕೈಗೆ ಪಾತಿಯ ಮಣ್ಣು ಮೆತ್ತಿಕೊಂಡಿದೆ. ಬೆನ್ನ ಹಿಂದೆ ನಿಂತ ಹೆಂಗಸು ಹಿಂದಲೆಯ ಕೂದಲನ್ನು ಎತ್ತಿ ಕ್ಲಿಪ್ ಹಾಕಿ, ಒಳಗಿನ ಒಂದು ಸಣ್ಣ ಎಳೆಯನ್ನು ದಾರದಲ್ಲಿ ಕಟ್ಟಿ, ಬುಡಕ್ಕೆ ಕತ್ತರಿ ತಾಗಿಸುತ್ತಾರೆ.

"ಆಯ್ತಾ?"

"ಆಯ್ತಜ್ಜಿ. ಹೋಗಿ, ನಿಮ್ಮ ಟೊಮೆಟೊ ಯೋಗಕ್ಷೇಮ ವಿಚಾರಿಸ್ಕೊಳ್ಳಿ."

ತೋಟದವರೆಲ್ಲ ಇವರನ್ನು ಕರೆಯುವುದು ಕತ್ತರಿಯಕ್ಕ ಎಂದೇ. ಮಣ್ಣಲ್ಲಿ ಕೈಯಾಡಿಸಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಎಷ್ಟು ಹಗುರ ಎಂದು ಅಳೆಯಲು ಹೊರಟ ವೈದ್ಯರ ತಂಡಕ್ಕೆ ಇವರು ಕೂದಲು ಒದಗಿಸುತ್ತಾರೆ. ಒತ್ತಡದಲ್ಲಿ ದೇಹ ಸ್ರವಿಸುವ ಹಾರ್ಮೋನು ಬೆಳೆಯುವ ಕೂದಲಿಗೂ ಒಂದಿಷ್ಟು ಸೇರುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳವಣಿಗೆ. ಬುಡದ ಮೂರು ಸೆಂಟಿಮೀಟರ್ ಎಂದರೆ ಕಳೆದ ಮೂರು ತಿಂಗಳ ಸಮಾಚಾರ.

"ಇಪ್ಪತ್ತು ವರ್ಷ ಅಂಗಡೀಲಿ ಕೂದಲು ಗುಡಿಸಿ ಕಸಕ್ಕೆ ಹಾಕಿದೀನಿ. ಜನರ ಅಷ್ಟೂ ದುಃಖ, ನೆಮ್ಮದಿ ಪೊರಕೆ ತುದೀಲಿ ಹೋಗ್ತಿತ್ತು ಅಂತ ಯಾರಿಗೆ ಗೊತ್ತಿತ್ತು?" ಎನ್ನುವಾಗ ಅವರ ಕಣ್ಣು ಈಗಲೂ ಅಗಲವಾಗುತ್ತದೆ.

ರಸ್ತೆ ಅಗಲವಾದಾಗ, ಕೂದಲು ಕತ್ತರಿಸುತ್ತಿದ್ದ ಅವರ ಎರಡು ಕುರ್ಚಿಯ ಅಂಗಡಿ ಹೋಯಿತು. ಗಿರಾಕಿಯಾಗಿದ್ದ ಡಾಕ್ಟರಮ್ಮ ಈ ಕೆಲಸಕ್ಕೆ ಕರೆದರು. ಮೊದಲ ವಾರವೇ ಎಡವಟ್ಟು. ದಾರ ಕಟ್ಟಲು ಮರೆತು, ಬುಡ ಯಾವುದು ತುದಿ ಯಾವುದು ತಿಳಿಯದೆ, ಒಂದಿಡೀ ದಿನದ ಕೂದಲು ನೀರಲ್ಲಿ ಹೋಮ. "ಡಾಕ್ಟರಮ್ಮ ಬೈಲಿಲ್ಲ, ಪಕ್ಕದಲ್ಲಿ ಕೂರಿಸ್ಕೊಂಡು ಮತ್ತೆ ಕಲಿಸಿದ್ರು. ಬೈದಿದ್ರೇ ವಾಸಿ ಇತ್ತು!"

ಬೆಳಿಗ್ಗೆ ತೋಟ. ಮಧ್ಯಾಹ್ನ, ತೋಟದಲ್ಲೊಂದು ಪಾತಿ ಸಿಗಲೆಂದು ಇನ್ನೂ ಕಾಯುತ್ತಿರುವವರ ಮನೆಗಳ ಮೆಟ್ಟಿಲು. ಅವರ ಕೂದಲೂ ಇದ್ದರೆ ತಾನೇ ಹೋಲಿಕೆ? ದಿನಕ್ಕೆ ಹತ್ತು-ಹನ್ನೆರಡು ತಲೆ. ಮಂಡಿನೋವು ಜೊತೆಗಾರ. ಮುಖದ ಮೇಲೆ ಬಾಗಿಲು ಹಾಕುವವರಿದ್ದಾರೆ. ಬೋಳುತಲೆಯ ಮೇಷ್ಟ್ರೊಬ್ಬರದು ಬೇರೆಯೇ ದೂರು: "ನನ್ನ ಮನಸ್ಸಿನ ಗತಿ ಯಾರೂ ಕೇಳೋ ಹಾಗೇ ಇಲ್ವಲ್ಲಮ್ಮ!"

ಮೂಲೆಯ ಪಾತಿಯ ನಿವೃತ್ತ ಬಸ್ ಚಾಲಕರು ಎರಡು ಸಲ ತಲೆ ಮುಟ್ಟಗೊಟ್ಟಿರಲಿಲ್ಲ. ಅವರ ಕ್ಷೌರ ಮಾಡುತ್ತಿದ್ದದ್ದು ಹೆಂಡತಿ. ಆಕೆ ತೀರಿಕೊಂಡ ಮೇಲೆ ಕತ್ತರಿ ಸೋಕದ ಕೂದಲು ಭುಜ ಮುಟ್ಟಿತ್ತು. ಮೂರನೇ ಸಲ ಅವರೇ ಗುದ್ದಲಿ ಕೆಳಗಿಟ್ಟು ಬಂದು ಕೂತರು.

"ಅವಳು ಹೋದ ದಿನಾನೂ ಇದರಲ್ಲಿದೆಯಾ?"

ಕತ್ತರಿಯಕ್ಕನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇತ್ತಣ್ಣ. ಆದ್ರೆ ತುದಿ ಕಡೇದು ತೊಳೆದು ತೊಳೆದು ಮಾಸಿರುತ್ತಂತೆ. ಯಂತ್ರಕ್ಕೆ ಸರಿಯಾಗಿ ಓದಕ್ಕಾಗಲ್ಲ."

ಅವರು ಭುಜದ ಮೇಲಿನ ಕೂದಲ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಯಂತ್ರಕ್ಕೆ ತಾನೇ?" ಎಂದರು. "ತಗೋಮ್ಮ."

ಎಳೆ ತೆಗೆದಾದ ಮೇಲೂ ಏಳಲಿಲ್ಲ. "ಉಳಿದಿದ್ದೂ ಕತ್ತರಿಸಿಬಿಡು. ಕಿವಿ ಹತ್ರ ಅವಳು ಒಂಚೂರು ಬಿಡ್ತಿದ್ಲು."

ಅಂಗಡಿ ಹೋದ ಮೇಲೆ ಕತ್ತರಿಯಕ್ಕ ಪೂರ್ತಿ ಕ್ಷೌರ ಮಾಡಿದ್ದು ಅವತ್ತೇ. ಕಿವಿಯ ಹತ್ತಿರ ಒಂಚೂರು ಬಿಟ್ಟರು.

ಮೊದಲ ವರ್ಷದ ಲೆಕ್ಕ ಈಗ ಬಂದಿದೆ. ಕಾಯುತ್ತಿರುವವರಿಗಿಂತ ತೋಟದವರ ಕೂದಲಲ್ಲಿ ಒತ್ತಡ ಕಡಿಮೆ. ಸ್ವಲ್ಪವೇ, ಆದರೆ ಇದೆ ಎಂದಿದ್ದಾರೆ ಡಾಕ್ಟರಮ್ಮ. ಯಾರದೆಷ್ಟು ಎಂದು ಕತ್ತರಿಯಕ್ಕನಿಗೆ ತಿಳಿಸುವಂತಿಲ್ಲ, ಅವರೂ ಕೇಳುವುದಿಲ್ಲ. ಮುಂದಿನವರಿಗಾಗಿ ಕುರ್ಚಿ ಒರೆಸುತ್ತಾ ನಗುತ್ತಾರೆ.

"ದೊಡ್ಡೋರು ಚಿಕ್ಕೋರು ಎಲ್ಲರೂ ನನ್ನ ಮುಂದೆ ತಲೆ ಬಗ್ಗಿಸ್ತಾರೆ. ರಾಜರಿಗೆ ಹೆದರ್ಕೊಂಡು ಬಗ್ಗಿಸ್ತಿದ್ರು. ನನ್ನ ನಂಬಿ ಬಗ್ಗಿಸ್ತಾರೆ."