ಬೇಬಿಯಕ್ಕನ ನುಡಿನಮನ

ಹೆಜಮಾಡಿಯ ಬೇಬಿಯಕ್ಕ ಮೀನು ಮಾರುವವರು. ಓದಿದ್ದು ಏಳನೆಯವರೆಗೆ, ಆದರೆ ಮೀನು ಕಟ್ಟಿಕೊಡುವ ಪೇಪರನ್ನೂ ಓದದೆ ಬಿಡುವವರಲ್ಲ. ಹೆಂಗಸರಿಗೊಂದು ಬರಹದ ಕೂಟ ಮಾಡುತ್ತೇನೆ ಎಂದಾಗ ನಾವೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕೆವು. ಆದರೂ ಹೋದೆವು. ಅವರು ಕರೆದರೆ ಹೋಗದೆ ಇರುವ ಧೈರ್ಯ ಯಾರಿಗಿತ್ತು?

ಭಾನುವಾರ ಮಧ್ಯಾಹ್ನ ಯುವಕ ಮಂಡಲದ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. "ಕಂಡದ್ದನ್ನು ಬರೆಯಿರಿ. ಮೆಚ್ಚಿಸಲಿಕ್ಕೆ ಬರೆಯುವುದು ಬೇಡ," ಎನ್ನುತ್ತಿದ್ದರು ಬೇಬಿಯಕ್ಕ. ಅಲ್ಲಿ ಬರೆದು ಓದಿದ್ದು ಕೋಣೆಯ ಹೊರಗೆ ಹೋಗಬಾರದೆಂದು ಅವರ ಕಟ್ಟಪ್ಪಣೆ. ಆ ಧೈರ್ಯದಲ್ಲೇ ನಮ್ಮ ಕೂಟದ ಚೈತಾಲಿ ಬಾಯಿಬಿಟ್ಟಳು. ಮೀನು ಹಿಡಿಯಲು ಬೋಟಿಗೆ ಹೋಗುವ ಗಂಡ ಸುಕೇಶ್ ಮನೆಗೆ ಬಂದಾಗಲೆಲ್ಲ ಹೇಗೆ ಹೊಡೆಯುತ್ತಾನೆಂದು ಬರೆದು ತಂದು ಓದಿದಳು. ಹೆತ್ತ ತಾಯಿಯೇ ನಂಬದಿದ್ದದ್ದನ್ನು ನಾವು ನಂಬಿದೆವು. ಅವಳ ಮಾತು ನಂಬುವವರು ಇದ್ದದ್ದು ಅದೊಂದೇ ಜಾಗದಲ್ಲಿ.

ಕೂಟಕ್ಕೆ ಹೆಸರು ಬಂತು, ಕಾಪು ಪೇಟೆಯಿಂದಲೂ ಹೆಂಗಸರು ಬರತೊಡಗಿದರು. ನಮ್ಮಲ್ಲಿ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಒಬ್ಬರು ಮೈಕ್ ಹಿಡಿದು ಸತ್ತವರಿಗೆ ನುಡಿನಮನ ಹೇಳುವುದು ರೂಢಿ. ಅದಕ್ಕೂ ಬೇಬಿಯಕ್ಕನೇ ಬೇಕೆಂದಾಯಿತು. ಅವರು ಬರೆದು ಓದಿದರೆ ಎಂಥ ಜಿಪುಣನೂ ದಾನಿಯಾಗುತ್ತಿದ್ದ. ಬಡಿಸಲು ನಿಂತವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಳೆದ ವರ್ಷ ಸುಕೇಶ್ ಬೋಟಿನಲ್ಲೇ ಎದೆನೋವು ಬಂದು ತೀರಿಕೊಂಡ. ಅವನ ಅಣ್ಣ ಜಿತೇಂದ್ರ ಯುವಕ ಮಂಡಲದ ಅಧ್ಯಕ್ಷ, ನಮಗೆ ಕೋಣೆ ಕೊಟ್ಟವನು. "ತಮ್ಮನಿಗೆ ನೀವೇ ಹೇಳಬೇಕು ಬೇಬಿಯಕ್ಕ, ಚಂದ ಮಾಡಿ," ಎಂದ. ಅವರು ಒಪ್ಪಿದರು.

"ಚೈತಾಲಿ ಎದುರಿಗೇ ಕೂತಿರುತ್ತಾಳೆ. ಬೇಡ," ಎಂದೆ ನಾನು.

"ಊಟದ ಮೊದಲು ನಾಲ್ಕು ಮಾತು ಮಾರಾಯ್ತಿ. ಎಲ್ಲರಿಗೂ ಹಸಿವು, ಯಾರು ಕೇಳುತ್ತಾರೆ? ಕೋಣೆ ಹೋದರೆ ಮತ್ತೆ ಕೂಟ ಉಂಟಾ?"

ಅವರ ಹಟದ ಮುಂದೆ ನನ್ನದೇನೂ ನಡೆಯಲಿಲ್ಲ.

ಅಂದು ಅವರು ಓದಿದ್ದು ಚೆನ್ನಾಗಿಯೇ ಇತ್ತು, ಸಂಕಟ ಅದೇ. ಹೆಂಡತಿಯ ಕಣ್ಣಲ್ಲಿ ನೀರು ಬಂದರೆ ತಾಳಲಾರದ ಗಂಡ ಎಂದರು. ಸಭೆಯಲ್ಲಿ ಮೂಗೊರೆಸುವ ಸದ್ದು. ಚೈತಾಲಿಯ ತಾಯಿ ಮಗಳತ್ತ ಬಾಗಿ, "ಕೇಳಿದಿಯಾ? ಬೇಬಿಯೇ ಹೇಳಿದಳಲ್ಲ. ನೀನು ಸುಮ್ಮನೆ ಅವನ ಮೇಲೆ ಎಂತೆಂತದೋ ಹೇಳುತ್ತಿದ್ದೆ," ಎಂದರು. ಹಿಂದಿನ ಸಾಲಿನಲ್ಲಿದ್ದ ನನಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಚೈತಾಲಿ ಬಂದಳು. ಓದುವ ಸರದಿ ಬಂದಾಗ ಅವಳ ಕೈ ಬರಿದಾಗಿತ್ತು.

"ಎಂತ, ಬರೆಯಲಿಲ್ವಾ ಮಗಾ?" ಎಂದರು ಬೇಬಿಯಕ್ಕ.

"ಎಂತ ಬರೆಯುವುದು? ಅವರು ಒಳ್ಳೆಯವರೆಂದು ನೀವು ಊರಿಗೇ ಹೇಳಿ ಆಯಿತಲ್ಲ. ಇನ್ನು ನನ್ನನ್ನು ಯಾರು ನಂಬುವುದು ಬೇಬಿಯಕ್ಕ?"

ಬೇಬಿಯಕ್ಕ ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು, ನಮ್ಮೆಲ್ಲರ ಎದುರು ಅತ್ತರು. ಚೈತಾಲಿ ಅಳಲಿಲ್ಲ.

"ಅಂದು ಹೇಳಿದ್ದು ಸುಳ್ಳೆಂದು ಮೈಕಿನಲ್ಲಿ ಹೇಳುತ್ತೀರಾ?" ಎಂದು ಕೇಳಿದಳು.

ಬೇಬಿಯಕ್ಕ ಜಿತೇಂದ್ರನಿಗೆ ಕೇಳಿಸಿತೇನೋ ಎಂಬಂತೆ ಕೋಣೆಯ ಬಾಗಿಲ ಕಡೆ ನೋಡಿದರು. ಚೈತಾಲಿ ಎದ್ದು ಹೋದಳು.