ಜಿಡ್ಡಣ್ಣನ ಹದ

ಕೋವಿ ರಿಪೇರಿಯವರ ಬಗ್ಗೆ ಬರೆಯಲು ಹೋದ ನನಗೆ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವಳು ಅವರ ಮಗಳು: "ಅಪ್ಪ ಕೂತಲ್ಲಿ ಕೂರೋರಲ್ಲ, ಒಲೆ ಹತ್ರಾನೇ ಬನ್ನಿ." ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳನ್ನು ರಿಪೇರಿ ಮಾಡುತ್ತಿದ್ದ ಆ ಮನುಷ್ಯನನ್ನು ಊರೆಲ್ಲ ಜಿಡ್ಡಣ್ಣ ಎನ್ನುತ್ತಿತ್ತು. ನಳಿಗೆಯೊಳಗೆ ಸಲೀಸಾಗಿ ಜಾರಿ ಮದ್ದಿನ ಮೇಲೆ ಕೂರಲು ಸೀಸದ ಗುಂಡಿಗೆ ಯಾವ ಜಿಡ್ಡು ಸವರಬೇಕೆಂಬ ಚಿಂತೆ ಅವರನ್ನು ಕಾಲು ಸುಟ್ಟ ಬೆಕ್ಕಿನಂತೆ ಅಲೆಸುತ್ತಿತ್ತು. ಜೇನುಮೇಣಕ್ಕೆ ಕುರಿಕೊಬ್ಬು ಬೆರೆಸಿ, ಬೆರಳಲ್ಲಿ ಉಜ್ಜಿ, ಮೂಸಿ, "ಚಳಿಗೆ ಕಲ್ಲಾಗತ್ತೆ" ಎಂದು ಎಣ್ಣೆ ಸುರಿಯುವರು. ಮರುಗಳಿಗೆಯೇ "ಬಿಸಿಲಿಗೆ ಕರಗಿ ಮದ್ದನ್ನ ತೋಯಿಸತ್ತೆ" ಎಂದು ಮತ್ತೆ ಮೇಣ ಹಾಕುವರು. ಹೆಂಡತಿಯ ಬಾಣಲೆಗಳೆಲ್ಲ ಒಂದೊಂದಾಗಿ ಕೋವಿಯ ಪಾಲಾದವು. "ನನ್ನನ್ನ ಒಪ್ಪೋಕೂ ಇಷ್ಟು ಯೋಚಿಸ್ಲಿಲ್ಲ ಈ ಮಹಾರಾಯ್ರು!" ಎಂದು ಆಕೆ ಬಂದವರಿಗೆಲ್ಲ ದೂರುವಳು. ಗುರಿ ಹೊಡೆಯುವ ಸ್ಪರ್ಧೆಗೆ ಸೇರಲು ತುದಿಗಾಲಲ್ಲಿ ನಿಂತಿದ್ದ ಮಗಳು ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೂ ಹದ ಬಂದಿಲ್ಲ ಕಣಮ್ಮ." ಗಾಡಿಯ ಗ್ರೀಸ್ ಸಾಕಲ್ಲವೇ ಎಂದು ಯಾರಾದರೂ ಕೇಳಿದರೆ ಮಾತ್ರ ಅವರ ಕೈ ನಿಲ್ಲುತ್ತಿತ್ತು. ಅವರ ಅಣ್ಣ ಸವರಿದ್ದು ಅದನ್ನೇ. ಮದ್ದಿನ ಮಸಿ ಸೇರಿ ಅದು ಡಾಂಬರಿನಂತಾಗಿ, ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿತ್ತು. ತಳ ಮುಟ್ಟಿತೆಂದು ನಂಬಿ ಅಣ್ಣ ಹಾರಿಸಿದರು, ನಳಿಗೆ ಒಡೆಯಿತು, ಅವರು ಉಳಿಯಲಿಲ್ಲ. ಇದನ್ನು ಹೇಳಿದವಳೂ ಮಗಳೇ, ಅದೂ ಅಪ್ಪ ಹೊರಗೆ ಹೋದಾಗ. ದಾಖಲೆಗೆ ಸೇರಿದ ಸಂಗತಿ ಇಷ್ಟು: ೧೯೮೭ರ ಫೆಬ್ರವರಿ ೧೫, ಭಾನುವಾರ, ತಾನೇ ಹದ ಮಾಡಿದ ಜಿಡ್ಡು ಸವರಿಕೊಂಡು ಮಗಳು ಮೊದಲ ಸ್ಪರ್ಧೆಗೆ ಇಳಿದಳು, ಕೊನೆಯ ಗುಂಡು ಹಾರುವವರೆಗೆ ತಂದೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು.