ಹಿಡಿಕೆಯ ಮೇಲಿದ್ದ ಕೈ

ಪಾರ್ಶ್ವವಾಯು ಬಡಿದವರ ಕೈಕಾಲು ಮಿದುಳಿನ ಮಾತನ್ನು ಏಕೆ ಕೇಳುವುದಿಲ್ಲ ಎಂದು ಸಂಶೋಧಿಸುವುದು, ಅವರಿಗೆ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ಇದರ ಲಾಭವೆಂದರೆ, ಹೆದರಲು ನನಗೆ ಬೇರೆಯವರಿಗಿಂತ ಹೆಚ್ಚು ಕಾರಣಗಳು ಗೊತ್ತು.

ಒಂದು ಸಂಜೆ ಮುಂಬೈಯ ಬೊರಿವಲಿ ಲೋಕಲ್ ರೈಲಿನಲ್ಲಿ ಎಡಗೈಯಿಂದ ಮೇಲಿನ ಹಿಡಿಕೆ ಹಿಡಿದು ನಿಂತಿದ್ದೆ. ಅಂಧೇರಿಯಲ್ಲಿ ಜನ ನುಗ್ಗಿದ ಮೇಲೆ ಮೈ ಅಲುಗಿಸಲೂ ಜಾಗವಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗೈ ಮರಗಟ್ಟಿದಂತಾಯಿತು. ತಲೆಯೆತ್ತಿ, ಹಿಡಿಕೆಯ ಮೇಲಿದ್ದ ಬೆರಳುಗಳನ್ನು ಅಲ್ಲಾಡಿಸಲು ನೋಡಿದೆ. ಅವು ಅಲ್ಲಾಡಲಿಲ್ಲ. ಬಲಗೈಯಿಂದ ಚಿವುಟಿದೆ. ನೋವೇ ಆಗಲಿಲ್ಲ. ಇಳಿದು ಆಸ್ಪತ್ರೆಗೆ ಓಡೋಣವೆಂದರೆ ಬಾಗಿಲೇ ಕಾಣುತ್ತಿರಲಿಲ್ಲ.

“ಅಯ್ಯೋ, ಕೈ ಹೋಯಿತು!” ಎನ್ನುತ್ತ ಇನ್ನೂ ಜೋರಾಗಿ ಚಿವುಟಿದೆ.

“ಯಾಕ್ರೀ ಸರ, ನನ್ನ ಕೈ ಚಿವುಟಾಕತ್ತೀರಿ?” ಎಂದರು ಹಿಂದೆ ನಿಂತವರು. “ಮೊದಲನೇ ಸಲ, ಗರ್ದಿ ಐತಿ, ಇರಲಿ ಅಂತ ತಡಕೊಂಡೆ.”

ನನ್ನ ಕೈ ಯಾವಾಗಲೋ ಕೆಳಗೆ ಜಾರಿ, ಯಾರದೋ ಬ್ಯಾಗಿನಡಿ ಸಿಕ್ಕಿ ಜೋಮು ಹಿಡಿದಿತ್ತು. ಎಳೆದು ತೆಗೆದೆ. ಬೆರಳುಗಳು ಆಡಿದವು. ಖುಷಿಯಲ್ಲಿ ಅವರಿಗೂ ಆಡಿಸಿ ತೋರಿಸಿದೆ.

ಅವರು ತಮ್ಮ ಕೈ ಉಜ್ಜಿಕೊಳ್ಳುತ್ತ, “ಒಮ್ಮೆ ತಲಿ ಡಾಕ್ಟರಿಗೆ ತೋರಸ್ರಿ,” ಎಂದರು.

ಆ ಡಾಕ್ಟರು ನಾನೇ ಎಂದು ಹೇಳಲಿಲ್ಲ. ಒಂದು ಬೋಗಿಯಲ್ಲಿ ಹೆದರಿದವನು ಒಬ್ಬನಿದ್ದರೆ ಸಾಕು.